ನಾಣ್ಯದ ಮುಖ, ನಾಣ್ಯದ ಬೆಳ್ಳಿ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಧಮ್ಮ ಬಂಧುಗಳಿಗೆ ಇಂದಿನ ಚಿಂತನೆ.

ರಾಣೆಬೆನ್ನೂರಿನಿಂದ ಹೆದ್ದಾರಿ ಹಿಡಿದು ದಾವಣಗೆರೆ ದಾಟಿದರೆ ಚಿತ್ರದುರ್ಗ. ಅಲ್ಲಿನ ಚಂದ್ರವಳ್ಳಿಯಲ್ಲಿ 1947ರಲ್ಲಿ ಪುರಾತತ್ವ ಇಲಾಖೆಯ ಮುಖ್ಯಸ್ಥ ಮಾರ್ಟಿಮರ್ ವೀಲರ್ ಅಗೆಸಿದಾಗ, ಶಾತವಾಹನರ ನಾಣ್ಯಗಳ ಜೊತೆ ರೋಮ್ ಚಕ್ರವರ್ತಿ ಟೈಬೀರಿಯಸನ ಬೆಳ್ಳಿ ನಾಣ್ಯವೂ ಸಿಕ್ಕಿತು. ಈ ದೊರೆಯ ಬೆಳ್ಳಿ ನಾಣ್ಯಗಳಲ್ಲಿ ನಮ್ಮ ದೇಶದಲ್ಲಿ ಹೆಚ್ಚಾಗಿ ಸಿಗುವುದು ಒಂದೇ ಅಚ್ಚಿನದು. ಒಂದು ಬದಿಗೆ ಎಲೆಗಳ ಕಿರೀಟ ತೊಟ್ಟ ದೊರೆಯ ಮುಖ, ಸುತ್ತ 'ದೇವನಾದ ಆಗಸ್ಟಸನ ಮಗ' ಎಂಬ ಬರಹ. ಇನ್ನೊಂದು ಬದಿಗೆ ಕೈಯಲ್ಲಿ ರೆಂಬೆ ಹಿಡಿದು ಕೂತ ಹೆಂಗಸು. ಸತ್ತ ಆಗಸ್ಟಸನನ್ನು ದೇವರೆಂದು ರೋಮಿನ ಸೆನೆಟ್ ಠರಾವು ಮಾಡಿತ್ತು. ಹಾಗಾಗಿ ಮಗ, ಅದೂ ದತ್ತುಮಗ, ದೇವರ ಮಗನಾದ!

ನಮ್ಮ ವ್ಯಾಪಾರಿಗಳಿಗೆ ಆ ದೇವರಿಂದ ಏನೂ ಆಗಬೇಕಿರಲಿಲ್ಲ. ಬೆಳ್ಳಿ ಬೇಕಿತ್ತು. ಕ್ರಿ.ಶ. 64ರಲ್ಲಿ ನೀರೋ ನಾಣ್ಯದ ಬೆಳ್ಳಿ ಕಡಿಮೆ ಮಾಡಿದ. ಮುಖದ ಠೀವಿ ಮಾತ್ರ ಹಾಗೇ ಇತ್ತು. ಅಲ್ಲಿಂದಾಚೆಗಿನ ರೋಮನ್ ಬೆಳ್ಳಿ ನಾಣ್ಯ ಭಾರತದಲ್ಲಿ ಸಿಗುವುದೇ ಅಪರೂಪ.

ಬುದ್ಧಘೋಷರು ವಿಸುದ್ಧಿಮಗ್ಗದಲ್ಲಿ ಪಞ್ಞೆಯನ್ನು ವಿವರಿಸಲು ನಾಣ್ಯದ ರಾಶಿಯನ್ನೇ ತೆಗೆದುಕೊಳ್ಳುತ್ತಾರೆ. ಮಗು ಬರೀ ಚಿತ್ರ ನೋಡುತ್ತದೆ, ದುಂಡಗಿದೆಯೋ ಚೌಕವೋ ಅಂತ ನೋಡುತ್ತದೆ. ಅದು ಸಞ್ಞಾ. ಇದಕ್ಕೆ ಬೆಲೆ ಇದೆ ಎಂಬುದೂ ಹಳ್ಳಿಯವನಿಗೆ ಗೊತ್ತು. ಅದು ವಿಞ್ಞಾಣ. ಚಿನಿವಾರನೋ, ಬಡಿದು ಸದ್ದು ಕೇಳಿ, ಮೂಸಿ, ರುಚಿ ನೋಡಿ, ಕೈಯಲ್ಲಿ ತೂಗಿ, ಖರೆಯೋ ಖೋಟಾನೋ, ಎಲ್ಲಿ ಮಾಡಿದ್ದು ಎಲ್ಲ ಹೇಳುತ್ತಾನೆ. ಅದು ಪಞ್ಞಾ. ಬ್ಯಾಡಗಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಗುವಿಗೆ ಕೆಂಪಗಿದ್ದದ್ದೆಲ್ಲ ಒಂದೇ ಮೆಣಸಿನಕಾಯಿ. ತೊಟ್ಟು ಬಿಡಿಸುವ ನಮ್ಮ ಅಕ್ಕಂದಿರು ಮುಟ್ಟಿದರೆ ಸಾಕು, ಡಬ್ಬಿಯೋ ಕಡ್ಡಿಯೋ ಹೇಳುತ್ತಾರೆ.

1923ರಲ್ಲಿ ರೂಪಾಯಿಯ ಸಮಸ್ಯೆಯ ಮೇಲೆ ಗ್ರಂಥ ಪ್ರಕಟಿಸಿದ ಬಾಬಾಸಾಹೇಬರು ಇಂಥ ಚಿನಿವಾರರು. ದೇವರ ಹೆಸರಲ್ಲಿ ನಮ್ಮ ಹುಟ್ಟಿನ ಮೇಲೆ ಒತ್ತಿದ್ದ ಮುದ್ರೆಯನ್ನು ತೂಗಿ ನೋಡಿ ಖೋಟಾ ಅಂದರು. 1935ರಲ್ಲಿ ಯೇವಲೆಯಲ್ಲಿ ಘೋಷಣೆ ಮಾಡಿದವರು ನಾಗಪುರದಲ್ಲಿ ದೀಕ್ಷೆ ತೆಗೆದುಕೊಂಡದ್ದು 1956ರಲ್ಲಿ. 21 ವರ್ಷ! ಬುದ್ಧ ಧಮ್ಮವನ್ನೂ ಅವರು ಹೆಸರು ನೋಡಿ ಒಪ್ಪಲಿಲ್ಲ.

ಈಗ ನಮ್ಮ ಮೊಬೈಲಿಗೆ ಬರೋಣ. ಬಾಬಾಸಾಹೇಬರ ಫೋಟೊ, ಕೆಳಗೊಂದು ಮಾತು. ಫೋಟೊ ನೋಡಿ ಕೈ ಮುಗಿದು ಹತ್ತು ಗುಂಪಿಗೆ ಕಳಿಸುತ್ತೇವೆ. ಆ ಮಾತು ಅವರದೇ ಹೌದೋ? ನಾಳೆ ನಮ್ಮ ಮಗಳು ಅದನ್ನೇ ಶಾಲೆಯ ಭಾಷಣದಲ್ಲಿ ಹೇಳಿ, ಯಾವ ಪುಸ್ತಕದಲ್ಲಿದೆ ಅಂತ ಯಾರಾದರೂ ಕೇಳಿದರೆ, ತಲೆ ತಗ್ಗಿಸಬೇಕಾದವಳು ಅವಳು. ಅವರ ಬರಹ, ಭಾಷಣಗಳ ಸಂಪುಟಗಳು ಕನ್ನಡದಲ್ಲೇ ಇವೆ. ಇಂದು ಅಂಥ ಚಿತ್ರ ಬಂದರೆ, ಸಂಪುಟ ಯಾವುದು, ಪುಟ ಎಷ್ಟು ಅಂತ ಅಲ್ಲೇ ಕೇಳಿ. ಕಳಿಸಿದವರು ಹಿರಿಯರಾದರೂ ಕೇಳಿ.

ಭವತು ಸಬ್ಬ ಮಂಗಲಂ.