ಹನ್ನೆರಡು ಬುಟ್ಟಿಗಳೂ ನಮ್ಮ ಕಸದ ಬುಟ್ಟಿಯೂ



ಐದು ರೊಟ್ಟಿ, ಎರಡು ಮೀನುಗಳಿಂದ ಐದು ಸಾವಿರ ಜನರು ತೃಪ್ತಿಯಾಗಿ ಉಂಡ ಅದ್ಭುತವನ್ನು ನೀವೆಲ್ಲ ಬಲ್ಲಿರಿ. ಊಟವಾದ ಮೇಲೆ ನಡೆದದ್ದನ್ನು ಮಾತ್ರ ನಾವು ಅಷ್ಟಾಗಿ ಧ್ಯಾನಿಸುವುದಿಲ್ಲ. ಉಳಿದ ಚೂರುಗಳಲ್ಲಿ ಒಂದೂ ಹಾಳಾಗದಂತೆ ನೋಡಿಕೊಳ್ಳಲು ಪ್ರಭು ಯೇಸು ಶಿಷ್ಯರಿಗೆ ಅಪ್ಪಣೆಯಿತ್ತರು. ಹನ್ನೆರಡು ಬುಟ್ಟಿ ತುಂಬಿದವು (ಯೊವಾನ್ನ 6:12-13). ರೊಟ್ಟಿಯನ್ನು ಸಾವಿರಪಟ್ಟು ಹೆಚ್ಚಿಸಬಲ್ಲವರಿಗೆ ತುಂಡು ರೊಟ್ಟಿಯ ಚಿಂತೆ ಏಕೆ? ದೇವರ ದಾನ ಎಷ್ಟು ಹೇರಳವಾಗಿದ್ದರೂ ಅದು ದಾನವೇ, ಎಸೆಯುವ ವಸ್ತುವಲ್ಲ.

ಬಲಿಪೂಜೆಯಲ್ಲಿ ಗುರುಗಳು ತಟ್ಟೆಯ ಕಣಕಣವನ್ನೂ ಪಾನಪಾತ್ರೆಗೆ ಒರೆಸಿಕೊಳ್ಳುವುದನ್ನು ನೀವು ಕಾಣುತ್ತೀರಿ. ಅಲ್ಲಿ ಕಾರಣ ಬೇರೆ. ಅದು ಪ್ರಭುವಿನ ಶರೀರ. ಆದರೂ ಪ್ರತಿ ಭಾನುವಾರ ಅದನ್ನು ಕಂಡವರು ಮನೆಗೆ ಹೋಗಿ ಎಲ್ಲವನ್ನೂ ಒಂದೇ ಕವರಿಗೆ ತುರುಕಿ ಬೀದಿ ತಿರುವಿನಲ್ಲಿ ಎಸೆಯುವುದಾದರೂ ಹೇಗೆ?

ಎಸೆದದ್ದು ಇಲ್ಲವಾಗುವುದಿಲ್ಲ, ಇನ್ನೊಬ್ಬರ ಮನೆಬಾಗಿಲಿಗೆ ಹೋಗುತ್ತದೆ. ಬೆಂಗಳೂರಿನ ಕಸ ವರ್ಷಗಟ್ಟಲೆ ಮಾವಳ್ಳಿಪುರಕ್ಕೂ ಮಂಡೂರಿಗೂ ಹೋಯಿತು. ಬೆರೆತ ಕಸ ರಾಶಿಯಲ್ಲೇ ಕೊಳೆತು ಅದರ ಕಪ್ಪು ನೀರು ನೆಲಕ್ಕಿಳಿಯಿತು. ದುರ್ನಾತದ ನಡುವೆಯೇ ಉಂಡು ಮಲಗಿದ ಮಂಡೂರಿನ ಜನ 2014ರಲ್ಲಿ ಲಾರಿಗಳನ್ನು ತಡೆದು ನಿಂತರು. ತನ್ನ ನೆರೆಯವನು ಯಾರೆಂದು ಧರ್ಮಶಾಸ್ತ್ರಿ ಪ್ರಭುವನ್ನು ಕೇಳಿದ. ಮಂಡೂರಿನವರು ಆ ಪ್ರಶ್ನೆಯನ್ನು ನಮಗೆ ಕೇಳಿದರು.

ಕಸದ ಮಾತು ನಗರಸಭೆಗೆ ಸೇರಿದ್ದು, ಗುರುಗಳಿಗೇಕೆ ಎನ್ನುವವರಿದ್ದಾರೆ. ಜಗದ್ಗುರು ದ್ವಿತೀಯ ಜಾನ್ ಪಾಲ್ 1990ರ ವಿಶ್ವಶಾಂತಿ ದಿನದ ಸಂದೇಶವನ್ನು ಇಡಿಯಾಗಿ ಸೃಷ್ಟಿಯ ರಕ್ಷಣೆಗೇ ಮೀಸಲಿಟ್ಟಿದ್ದರು. ಜಗದ್ಗುರು ಫ್ರಾನ್ಸಿಸ್ 2015ರ 'ಲೌದಾತೊ ಸಿ' ಪತ್ರದಲ್ಲಿ ಕಸ ಬೇರ್ಪಡಿಸುವ ಕೆಲಸವನ್ನೇ ಹೆಸರಿಸಿ ಹೇಳಿದರು.

ಕೆಲಸ ಆರಂಭವಾಗುವುದು ಅಡುಗೆಮನೆಯಲ್ಲಿ. ಉಳಿದ ಸಾರು ಸುರಿದ ಕವರಿಗೇ ಹಳೆಯ ಪತ್ರಿಕೆ ಹಾಕಿದರೆ ಆ ಕಾಗದ ಗುಜರಿಯವನಿಗೂ ಬೇಡ. ತರಕಾರಿ ಸಿಪ್ಪೆಗೆ ಪ್ಲಾಸ್ಟಿಕ್ ಬೆರೆತರೆ ಗೊಬ್ಬರಕ್ಕೂ ಬೇಡ. ಹಸಿ ಕಸ, ಒಣ ಕಸ ಬೇರೆ ಇಡಿ. ಹಾಲಿನ ಕವರನ್ನು ತೊಳೆದು ಒಣಗಿಸಿ. ಪ್ಲಾಸ್ಟಿಕ್ಕನ್ನು ಅಂಗಳದಲ್ಲಿ ಸುಡಬೇಡಿ. ಆ ವಿಷದ ಹೊಗೆ ಮೊದಲು ನಿಮ್ಮ ಮಕ್ಕಳ ಎದೆಗೇ ಸೇರುತ್ತದೆ. ಒಡೆದ ಗಾಜು, ಬ್ಲೇಡು, ಮಗುವಿನ ಡೈಪರುಗಳನ್ನು ಬೇರೆಬೇರೆಯಾಗಿ ಕಾಗದದಲ್ಲಿ ಸುತ್ತಿ ಗುರುತು ಹಾಕಿ ಕೊಡಿ. ನಸುಕಿನಲ್ಲೇ ಬಂದು ಬರಿಗೈಯಿಂದ ಅದನ್ನು ಮುಟ್ಟುವವಳು ಒಬ್ಬ ತಾಯಿ. ಅವಳ ಬೆರಳು ಕೊಯ್ದರೆ ಅಂದಿನ ಕೂಲಿಯೂ ಹೋಯಿತು.

ನಮ್ಮ ಅಜ್ಜಿಯಂದಿರಿಗೆ ಇದನ್ನೆಲ್ಲ ಯಾರೂ ಬೋಧಿಸಬೇಕಿರಲಿಲ್ಲ. ಹಳೆಯ ಸೀರೆ ಕೌದಿಯಾಗುತ್ತಿತ್ತು, ಖಾಲಿ ಡಬ್ಬಿಯಲ್ಲಿ ತುಳಸಿ, ಮಲ್ಲಿಗೆ ಬೆಳೆಯುತ್ತಿದ್ದವು.

ಇನ್ನು ಧರ್ಮಕೇಂದ್ರದ ಹಬ್ಬದ ಊಟ. ಪ್ಲಾಸ್ಟಿಕ್ ತಟ್ಟೆ, ಲೋಟ, ಥರ್ಮೋಕೋಲ್ ತಟ್ಟೆಗಳನ್ನು 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧಿಸಲಾಗಿದೆ. ಆದರೂ ಹಬ್ಬದ ಮರುದಿನ ಕೆಲವು ಚರ್ಚುಗಳ ಹಿಂದೆ ಅವು ಕಾಣುತ್ತವೆ! ಬಾಳೆಎಲೆ ಇದೆ, ಸ್ಟೀಲ್ ತಟ್ಟೆಗಳು ಬಾಡಿಗೆಗೆ ಸಿಗುತ್ತವೆ. ತೊಳೆಯುವವರು ಯಾರು ಎಂದು ಹಬ್ಬದ ಸಮಿತಿಯಲ್ಲಿ ಖಂಡಿತ ಕೇಳುತ್ತಾರೆ. ಸರದಿಯ ಪಟ್ಟಿ ಬರೆಯಿರಿ. ನಿಮ್ಮ ಗುರುಗಳ ಹೆಸರನ್ನೂ ಅದರಲ್ಲಿ ಸೇರಿಸಿ.