ಹೇಗಿದೆ ಎಂದು ಕೇಳಿದಾಗ

ದಿನಕ್ಕೆ ಹತ್ತು ಬಾರಿಯಾದರೂ ನಾವು ಕೇಳುವ ಅಥವಾ ಉತ್ತರಿಸುವ ಪ್ರಶ್ನೆಯೊಂದಿದೆ: "ಹೇಗಿದೆ?" ಸಾರು ಹೇಗಿದೆ, ಸೀರೆ ಹೇಗಿದೆ, ಹೊಸದಾಗಿ ಹೊಲಿಸಿದ ರವಿಕೆಯ ತೋಳು ಹೇಗಿದೆ? ಉತ್ತರವೂ ನಾಲಿಗೆಯ ತುದಿಯಲ್ಲೇ ಇರುತ್ತದೆ: "ಚೆನ್ನಾಗಿದೆ." ನೆಂಟರ ಮನೆಯ ಸಾರಿಗೆ ಉಪ್ಪು ಹೆಚ್ಚಾಗಿದ್ದರೂ ಹಾಗೆನ್ನುವುದು ಮರ್ಯಾದೆ. ನಮ್ಮ ಮನೆಯಲ್ಲೇ ಹಾಗೆಂದರೆ ನಾಳೆಯೂ ಅದೇ ಉಪ್ಪಿನ ಸಾರು ಉಣ್ಣಬೇಕಾದೀತು. ಇಷ್ಟು ಚಿಕ್ಕ ಮಾತಿನ ಹಿಂದೆ ನನ್ನ ನಲವತ್ತು ವರ್ಷಗಳ ಒಂದು ತಪ್ಪು ಅಡಗಿದೆ ಎಂದು ತಿಳಿದದ್ದು ಕಳೆದ ಮಳೆಗಾಲದಲ್ಲಿ, ತಂಗಿಯ ಮಗಳು ಉಚ್ಚಿಲದ ನಮ್ಮ ಮನೆಗೆ ಬಂದು ಎಂಟು ದಿನ ಇದ್ದಾಗ.

ಅವಳು ಮಣಿಪಾಲದಲ್ಲಿ ಕೆಲಸದಲ್ಲಿದ್ದಾಳೆ. ಹಗಲು ಕಚೇರಿ, ರಾತ್ರಿ ಚಿತ್ರ. ಚಿತ್ರವೆಂದರೆ ಕಾಗದ, ಕುಂಚ, ಬಣ್ಣದ ಬಟ್ಟಲು ಯಾವುದೂ ಇಲ್ಲ. ಸ್ಲೇಟಿನಷ್ಟು ದೊಡ್ಡ ಟ್ಯಾಬಿನ ಮೇಲೆ ಪೆನ್ನಿನಂಥ ಕಡ್ಡಿಯಿಂದ ಬರೆಯುತ್ತಾಳೆ. ಕಡಲು ಒಂದು ಪದರದಲ್ಲಿ, ಬಂಡೆ ಇನ್ನೊಂದರಲ್ಲಿ, ಮನುಷ್ಯರು ಮತ್ತೊಂದರಲ್ಲಿ. ಬೇಡವಾದ ಪದರವನ್ನು ತೆಗೆದರೆ ಉಳಿದವು ಹಾಗೆಯೇ ಇರುತ್ತವೆ. ತಪ್ಪಿದರೆ ಒಂದು ಹೆಜ್ಜೆ ಹಿಂದೆ ಹೋಗಬಹುದು. ಬದುಕಿನಲ್ಲಿ ಈ ಸೌಲಭ್ಯ ಇದ್ದಿದ್ದರೆ ಎಂದು ನನಗೆ ಅನ್ನಿಸಿದ್ದು ಸುಳ್ಳಲ್ಲ.

ಆ ಸಲ ಅವಳು ತಂದದ್ದು ಮೂರು ತಿಂಗಳ ರಾತ್ರಿಗಳನ್ನು ತಿಂದ ಒಂದು ಚಿತ್ರ. ಕಡಲು ಮೇಲೇರಿ ಊರನ್ನು ನುಂಗಿದ ಮೇಲಿನ ಕಾಪು. 1901ರಲ್ಲಿ ಬಂಡೆಯ ಮೇಲೆ ಕಟ್ಟಿದ ನಮ್ಮ ದೀಪಸ್ತಂಭ ನೀರಿನ ತಳದಲ್ಲಿ ನಿಂತಿದೆ, ದೀಪ ಇನ್ನೂ ಉರಿಯುತ್ತಿದೆ. ಸಂಜೆಯ ಕಾಗೆಗಳಂತೆ ಬೂತಾಯಿ ಮೀನಿನ ಹಿಂಡು ಅದನ್ನು ಸುತ್ತುತ್ತಿದೆ. ಮೆಟ್ಟಿಲು ಹತ್ತುತ್ತ ಬರುವ ಮೀನುಗಾರ ಹೆಂಗಸಿನ ತಲೆಯ ಮೇಲೊಂದು ಬುಟ್ಟಿ. ಬುಟ್ಟಿಯಲ್ಲಿ ಮೀನಲ್ಲ, ಆಕಾಶದಿಂದ ನೀರಿಗೆ ಬಿದ್ದ ನಕ್ಷತ್ರಗಳು. ಅವಳ ಸೆರಗು ಎಲ್ಲಿ ಮುಗಿಯುತ್ತದೆ, ಅಲೆ ಎಲ್ಲಿ ಮೊದಲಾಗುತ್ತದೆ ಎಂದು ತಿಳಿಯುವುದಿಲ್ಲ. ಒಂದೊಂದು ಮೀನಿನ ಒಂದೊಂದು ಹುರುಪೆಯನ್ನೂ ಬಿಡದೆ ಬರೆದಿದ್ದಳು.

"ಹೇಗಿದೆ ದೊಡ್ಡಮ್ಮ?"

ನಾನು ಒಲೆಯ ಮೇಲಿನ ಹಾಲಿನ ಕಡೆ ಒಂದು ಕಣ್ಣಿಟ್ಟು, "ತುಂಬ ಚೆನ್ನಾಗಿದೆ ಮಗಾ" ಎಂದೆ.

ಅವಳು ಟ್ಯಾಬನ್ನು ಮಡಿಲಿಗೆ ಇಳಿಸಿಕೊಂಡಳು. "ನೀವು ಯಾವಾಗಲೂ ಚೆನ್ನಾಗಿದೆ ಅಂತೀರಿ. ಚಿಕ್ಕಂದಿನಿಂದ ಒಂದು ಸಲವೂ ಬೇರೆ ಹೇಳಿಲ್ಲ. ಅದಕ್ಕೇ ನಿಮಗೆ ತೋರಿಸಬೇಕು ಅಂತ ಈಗೀಗ ಅನ್ನಿಸುವುದಿಲ್ಲ" ಎಂದಳು. ಸಿಟ್ಟಿನಿಂದ ಹೇಳಿದ ಮಾತಲ್ಲ. ಸಿಟ್ಟಿದ್ದಿದ್ದರೆ ನನಗೆ ಅಷ್ಟು ತಾಗುತ್ತಿರಲಿಲ್ಲ.

ನಾನು ಹೀಗೆ ಚೆನ್ನಾಗಿದೆ ಎನ್ನುವವಳಾದುದಕ್ಕೆ ಕಾರಣ ಅವಳ ತಾಯಿ, ನನ್ನ ತಂಗಿ. ಹದಿಮೂರು ವರ್ಷದವಳಿದ್ದಾಗ ಆಕೆ ಚಿತ್ರ ಬರೆಯುತ್ತಿದ್ದಳು. ರಾತ್ರಿಯಿಡೀ ಆಟ ನೋಡಿ ಬಂದು, ತೆಂಕುತಿಟ್ಟಿನ ಬಣ್ಣದ ವೇಷವೊಂದನ್ನು ಒಂದು ವಾರ ಕುಳಿತು ಬರೆದಳು. ರಕ್ಕಸನ ಮುಖಕ್ಕೆ ಅಕ್ಕಿಹಿಟ್ಟಿನಿಂದ ಇಡುವ ಚುಟ್ಟಿಯ ಮುಳ್ಳುಗಳನ್ನು ಬೆಂಕಿಕಡ್ಡಿಯ ತುದಿಯಿಂದ ಒಂದೊಂದಾಗಿ ಇಟ್ಟಿದ್ದಳು. ಅಂದು ಮನೆ ತುಂಬ ನೆಂಟರು. ಎಲ್ಲರ ಎದುರಿಗೆ ಹಿಡಿದು "ಅಕ್ಕ, ಹೇಗಿದೆ?" ಎಂದಳು. ನನಗಾಗ ಹದಿನೆಂಟು, ಬಾಯಿ ಚುರುಕು. "ಇದೇನು, ಹಲಸಿನ ಹಣ್ಣಿಗೆ ಕಣ್ಣು ಬರೆದಿದ್ದೀಯಾ?" ಎಂದುಬಿಟ್ಟೆ. ಎಲ್ಲರೂ ನಕ್ಕರು. ಅವಳೂ ನಕ್ಕಳು. ಆ ಹಲಸಿನ ರಕ್ಕಸ ನಮ್ಮ ಮನೆಯಲ್ಲಿ ಎಷ್ಟೋ ವರ್ಷ ತಮಾಷೆಯ ಮಾತಾಗಿ ಉಳಿದ. ತಂಗಿ ಮತ್ತೆ ಬಣ್ಣದ ಡಬ್ಬಿ ತೆರೆದದ್ದನ್ನು ನಾನು ನೋಡಲಿಲ್ಲ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಆ ದೊಣ್ಣೆ ನನ್ನ ಕೈಯಲ್ಲಿತ್ತು ಎಂದು ಅರಿವಾದ ಮೇಲೆ ಅದನ್ನು ಮತ್ತೆ ಎತ್ತಲಾರೆ ಎಂದುಕೊಂಡೆ. ಯಾರು ಏನು ತೋರಿಸಿದರೂ ಚೆನ್ನಾಗಿದೆ ಎಂದೆ. ಅದನ್ನೇ ಪ್ರಾಯಶ್ಚಿತ್ತ ಎಂದು ನಂಬಿಕೊಂಡಿದ್ದೆ. ಈಗ ಅದೇ ತಂಗಿಯ ಮಗಳು ನನ್ನ ಪ್ರಾಯಶ್ಚಿತ್ತವನ್ನು ಬೇಡವೆಂದು ಹಿಂದಕ್ಕೆ ಕೊಟ್ಟಿದ್ದಳು.

ಆ ಭಾನುವಾರ ಅವಳ ನಾಲ್ವರು ಸ್ನೇಹಿತರು ಬಂದರು. ಇಬ್ಬರು ಮಣಿಪಾಲದವರು, ಒಬ್ಬಳು ಕಾರ್ಕಳದವಳು, ಒಬ್ಬ ಉಡುಪಿಯವನು. ಎಲ್ಲರೂ ಬರೆಯುವವರೇ. ಮಳೆ ಸುರಿಯುತ್ತಿತ್ತು. ಚಾವಡಿಯಲ್ಲಿ ಚಾಪೆ ಹಾಸಿ ಕುಳಿತರು. ನಾನು ಗೋಳಿಬಜೆ ಕರಿದು ಕೊಟ್ಟು ಬಾಗಿಲ ಬಳಿಯೇ ನಿಂತೆ. ಈ ಮಕ್ಕಳು ಇನ್ನೊಂದು ಹಲಸಿನ ಹಣ್ಣನ್ನು ಎಸೆಯುತ್ತಾರೋ ಎಂದು ಒಳಗೊಳಗೇ ಭಯ.

ಅವರು ಮೊದಲ ಹತ್ತು ನಿಮಿಷ ಏನನ್ನೂ ಹೇಳಲಿಲ್ಲ. ಚಿತ್ರವನ್ನು ಕೈಯಿಂದ ಕೈಗೆ ದಾಟಿಸಿ ನೋಡಿದರು, ದೂರದಲ್ಲಿ ಇಟ್ಟು ನೋಡಿದರು. ಆಮೇಲೆ ಕಾರ್ಕಳದವಳು ಕೇಳಿದಳು, "ನೋಡುವವರು ಇದರಲ್ಲಿ ಮೊದಲು ಏನನ್ನು ನೋಡಬೇಕು ಅಂತ ನಿನಗಿತ್ತು?" ನಮ್ಮ ಹುಡುಗಿ, "ಆ ಹೆಂಗಸನ್ನು" ಎಂದಳು. ಅಲ್ಲಿಂದ ಮಾತು ಶುರುವಾಯಿತು.

ಒಬ್ಬ ಚಿತ್ರವನ್ನು ಎಡಬಲ ತಿರುಗಿಸಿದ, ಕನ್ನಡಿಯಲ್ಲಿ ಕಾಣುವಂತೆ. ನೆಟ್ಟಗೆ ನಿಂತಿದೆ ಎಂದುಕೊಂಡಿದ್ದ ದೀಪಸ್ತಂಭ ಸ್ವಲ್ಪ ವಾಲಿದ್ದು ತಕ್ಷಣ ಕಂಡಿತು. ಇದೇನೂ ಕಂಪ್ಯೂಟರು ಕಲಿಸಿದ ಉಪಾಯವಲ್ಲ. ಐನೂರು ವರ್ಷಗಳ ಹಿಂದೆಯೇ ಇಟಲಿಯ ಲಿಯೊನಾರ್ಡೊ ಡ ವಿಂಚಿ ತನ್ನ ಟಿಪ್ಪಣಿಗಳಲ್ಲಿ ಚಿತ್ರಕಾರರಿಗೆ ಇದನ್ನು ಹೇಳಿದ್ದಾನೆ. ನಿಮ್ಮ ಚಿತ್ರವನ್ನು ಕನ್ನಡಿಯಲ್ಲಿ ನೋಡಿ, ಆಗ ಅದು ಬೇರೆಯವರು ಬರೆದದ್ದರಂತೆ ಕಂಡು ತಪ್ಪುಗಳು ತಿಳಿಯುತ್ತವೆ ಎಂದು. ನಮ್ಮ ತಪ್ಪು ನಮಗೆ ಕಾಣಬೇಕಾದರೆ ಒಂದು ಗಳಿಗೆ ಅದು ನಮ್ಮದಲ್ಲದಂತಾಗಬೇಕು. ಕನ್ನಡಿ ಮಾಡುವ ಆ ಕೆಲಸವನ್ನೇ ಒಳ್ಳೆಯ ಸ್ನೇಹಿತರೂ ಮಾಡುತ್ತಾರೆ.

ಇನ್ನೊಬ್ಬಳು ಚಿತ್ರದ ಬಣ್ಣವನ್ನೆಲ್ಲ ತೆಗೆದು ಕಪ್ಪುಬಿಳುಪು ಮಾಡಿದಳು. ಹೆಂಗಸಿನ ಮುಖವೂ ಅವಳ ಹಿಂದಿನ ನೀರೂ ಒಂದೇ ಬೂದು. ಮೀನುಗಳು ಮಾತ್ರ ಫಳಫಳ. "ಕಣ್ಣು ಮೊದಲು ಹೋಗುವುದು ಮೀನಿಗೆ, ಅವಳಿಗಲ್ಲ. ಎಲ್ಲ ಕಡೆಯೂ ಕುಸುರಿ ಇದೆ, ಕಣ್ಣಿಗೆ ಕೂರಲು ಜಾಗ ಇಲ್ಲ. ಹಿಂದಿನ ಸಾಲಿನ ಮೀನುಗಳ ಹುರುಪೆಗಳನ್ನು ಅಳಿಸಬೇಕಾದೀತು" ಎಂದಳು.

ಆ ಹುರುಪೆಗಳನ್ನು ಬರೆಯಲು ಮೂರು ವಾರ ಹಿಡಿದಿತ್ತು. ನಮ್ಮ ಹುಡುಗಿ ಎದ್ದು ನೀರು ಕುಡಿಯುವ ನೆವದಿಂದ ಒಳಗೆ ಬಂದಳು. ಕಣ್ಣು ತುಂಬಿತ್ತು. ಹೊರಗೆ ಹೋಗಿ ಆ ಮಕ್ಕಳನ್ನು ಗದರಿಬಿಡೋಣ ಎಂದು ನನ್ನ ಕಾಲು ಮುಂದಾಯಿತು. ಅವಳೇ ತಡೆದಳು. ಮುಖ ತೊಳೆದುಕೊಂಡು, "ಅವಳು ಹೇಳಿದ್ದು ಸರಿ ದೊಡ್ಡಮ್ಮ. ನನಗೂ ಅನುಮಾನ ಇತ್ತು. ಬರೆದ ಕಷ್ಟಕ್ಕೆ ಅಳಿಸಲು ಮನಸ್ಸಾಗಿರಲಿಲ್ಲ" ಎಂದು ಹೊರಗೆ ಹೋಗಿ ಕುಳಿತಳು. ಹದಿಮೂರರ ತಂಗಿಯೂ ಇಪ್ಪತ್ತಾರರ ಈ ಹುಡುಗಿಯೂ ಒಂದೇ ರೀತಿ ನೊಂದರು. ಒಬ್ಬಳು ಬಣ್ಣದ ಡಬ್ಬಿ ಮುಚ್ಚಿದಳು, ಇನ್ನೊಬ್ಬಳು ಕಡ್ಡಿ ಹಿಡಿದಳು. ಈ ಅಂತರಕ್ಕೆ ವಯಸ್ಸೊಂದೇ ಕಾರಣವೇ?

ಅಷ್ಟರಲ್ಲಿ ಮೀನಿನ ಅಕ್ಕ ಬಂದರು. ಜೂನ್ 1ರಿಂದ ಜುಲೈ ಕೊನೆಯವರೆಗೆ ಯಂತ್ರದ ದೋಣಿಗಳು ಕಡಲಿಗೆ ಇಳಿಯುವಂತಿಲ್ಲವಲ್ಲ, ಆ ಎರಡು ತಿಂಗಳು ಅವರ ಬುಟ್ಟಿಯಲ್ಲಿ ಹೆಚ್ಚಾಗಿ ಒಣಮೀನೇ. ಮಳೆಗೆ ಚಾವಡಿಯಲ್ಲಿ ನಿಂತವರು ಚಿತ್ರವನ್ನು ಇಣುಕಿ ನೋಡಿದರು. "ಪೊರ್ಲು ಉಂಡು" ಎಂದರು. ನಮ್ಮ ತುಳುವಿನ ಚೆನ್ನಾಗಿದೆ. ಆದರೆ ಅಲ್ಲಿಗೆ ನಿಲ್ಲಿಸಲಿಲ್ಲ. "ಇವಳ ತಲೆಯ ಮೇಲೆ ಸಿಂಬಿ ಎಲ್ಲಿ? ಸಿಂಬಿ ಇಲ್ಲದೆ ಬುಟ್ಟಿ ನಿಲ್ಲುತ್ತದಾ? ಕುತ್ತಿಗೆಯನ್ನು ಹೀಗೆ ಓರೆ ಮಾಡಿದರೆ ಭಾರ ಬೆನ್ನಿಗೆ ಬೀಳುತ್ತದೆ" ಎಂದು ತಮ್ಮ ಬುಟ್ಟಿಯನ್ನು ಎತ್ತಿಟ್ಟು ನಿಂತು ತೋರಿಸಿದರು. ಐದೂ ಮಂದಿ ಬಾಯಿ ಬಿಟ್ಟು ನೋಡಿದರು. ಹುಡುಗಿ ಅಲ್ಲೇ ಗೀಚಿಕೊಂಡಳು.

ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರು ಲಯವನ್ನು ಅರಿಯಲು ಕಥಕ್ ನೃತ್ಯವನ್ನೇ ಕಲಿತರಂತೆ. ಅವರ ರೇಖೆಗಳಿಗೆ ಹಾಡುವ ರೇಖೆಗಳೆಂದೇ ಹೆಸರು. ಮೈಗೆ ಗೊತ್ತಿರುವ ಸಂಗತಿಗಳು ಬೇರೆಯೇ ಇರುತ್ತವೆ. ನಮ್ಮ ಮೀನಿನ ಅಕ್ಕನಿಗೆ ಬುಟ್ಟಿಯ ಭಾರ ಹಾಗೆ ಗೊತ್ತು.

ಗ್ರೀಸಿನ ಹಳೆಯ ಚಿತ್ರಕಾರ ಅಪೆಲಿಸನ ಬಗ್ಗೆ ರೋಮಿನ ಪ್ಲಿನಿ ಬರೆದಿಟ್ಟ ಕಥೆ ಇದೇ ತರಹದ್ದು. ಅಪೆಲಿಸ್ ತನ್ನ ಚಿತ್ರಗಳನ್ನು ದಾರಿಹೋಕರಿಗೆ ಕಾಣುವಂತೆ ಇಟ್ಟು, ಹಿಂದೆ ಅಡಗಿ ಕುಳಿತು ಅವರ ಮಾತು ಕೇಳುತ್ತಿದ್ದ. ಚಮ್ಮಾರನೊಬ್ಬ ಚಪ್ಪಲಿಯ ದಾರ ತಪ್ಪಿದೆ ಎಂದ, ಅಪೆಲಿಸ್ ತಿದ್ದಿದ. ಮರುದಿನ ಅದೇ ಚಮ್ಮಾರ ಹೆಮ್ಮೆಯಿಂದ ಬಂದು ಕಾಲಿನ ಬಗ್ಗೆಯೂ ಹೇಳತೊಡಗಿದಾಗ, ಚಪ್ಪಲಿಗಿಂತ ಮೇಲೆ ಹೋಗಬೇಡ ಎಂದು ಗದರಿದನಂತೆ.

ಕಥೆಯ ಮೊದಲರ್ಧ ನನಗೆ ಇಷ್ಟ, ಕೊನೆ ಒಪ್ಪಿಗೆಯಾಗುವುದಿಲ್ಲ. ಮೀನಿನ ಅಕ್ಕನೂ ಸಿಂಬಿಯಲ್ಲಿ ನಿಲ್ಲಲಿಲ್ಲ. "ಇಷ್ಟು ಮೆಟ್ಟಿಲು ಹೊತ್ತು ಹತ್ತಿದವಳ ಮುಖ ಹೀಗೆ ಇರುವುದಿಲ್ಲ, ಬೆವರಬೇಕು" ಎಂದರು. ಹುಡುಗಿ ಗದರಲಿಲ್ಲ. ಸ್ವಲ್ಪ ಯೋಚಿಸಿ, "ಇವಳು ದಣಿಯದವಳು ಅಕ್ಕ, ಕನಸಿನವಳು. ಬುಟ್ಟಿಯಲ್ಲಿ ಇರುವುದೂ ಮೀನಲ್ಲವಲ್ಲ" ಎಂದಳು. ಅಕ್ಕ ನಕ್ಕು, "ಹಾಗಾದರೆ ನಮ್ಮ ಕಡೆಯವಳೇ ಅಲ್ಲ ಬಿಡು" ಎಂದು ಬುಟ್ಟಿ ಹೊತ್ತು ಹೊರಟರು. ಹೇಳುವ ಹಕ್ಕು ನೋಡಿದವರಿಗೆಲ್ಲ ಇದೆ, ಬಿಡುವ ಹಕ್ಕು ಬರೆದವಳದು. ಎರಡೂ ಇದ್ದಲ್ಲಿ ಯಾರೂ ಯಾರ ಬಾಯಿಯನ್ನೂ ಮುಚ್ಚಿಸಬೇಕಾಗಿಲ್ಲ.

ಚಿತ್ರ ಒಮ್ಮೆ ಕೈ ಬಿಟ್ಟುಹೋದ ಮೇಲೆ ಈ ಮಾತುಕತೆಗೆ ಅವಕಾಶವೇ ಇರುವುದಿಲ್ಲ. ಕಾಸರಗೋಡು ಕಡೆಯ ಕಲಾವಿದ ಕರಣ್ ಆಚಾರ್ಯ 2015ರಲ್ಲಿ ಊರಿನ ಗೆಳೆಯರ ಬಾವುಟಕ್ಕೆಂದು ಕಂಪ್ಯೂಟರಿನಲ್ಲಿ ಹನುಮಂತನ ಮುಖ ಬರೆದರು. ಕೇಸರಿ, ಕಪ್ಪು ಎರಡೇ ಬಣ್ಣ. ಅದು ದೇಶದ ಉದ್ದಗಲಕ್ಕೂ ಕಾರು, ಬೈಕುಗಳ ಮೇಲೆ ಏರಿತು. ಜನ ಅದಕ್ಕೆ ಸಿಟ್ಟಿನ ಹನುಮಂತ ಎಂದು ಹೆಸರಿಟ್ಟರು. ಅದು ಸಿಟ್ಟಲ್ಲ, ಗತ್ತು ಎಂದು ಬರೆದವರು ಹೇಳಿದರು. ಆದರೂ ಹೆಸರು ಉಳಿದದ್ದು ಜನ ಇಟ್ಟದ್ದೇ. ಊರೆಲ್ಲ ನೋಡುವ ಮೊದಲು ನಾಲ್ವರು ಬಲ್ಲವರ ಕಣ್ಣಿಗೆ ಬೀಳಲಿ ಎಂದು ನಮ್ಮ ಹುಡುಗಿ ಬಯಸಿದ್ದರ ಅರ್ಥ ನನಗೆ ಆಗ ಆಯಿತು. ತಾನು ಹೇಳಹೊರಟದ್ದು ಇನ್ನೊಬ್ಬರಿಗೆ ಮುಟ್ಟಿತೇ ಎಂದು ಅವಳು ಕೇಳುತ್ತಿದ್ದಳು. ಅದಕ್ಕೆ ಚೆನ್ನಾಗಿದೆ ಎನ್ನುವುದು ಉತ್ತರವೇ ಅಲ್ಲ.

ಅಂದು ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ. ಹದಿನೆಂಟರಲ್ಲಿ ನಾನು ಮಾಡಿದ ತಪ್ಪು ನಿಷ್ಠುರದ್ದು, ಆಮೇಲಿನ ನನ್ನ ನಡತೆ ಪ್ರೀತಿಯದು ಎಂದು ಇಷ್ಟು ವರ್ಷ ಎಣಿಸಿದ್ದೆ. ಆದರೆ ರಕ್ಕಸನ ಚಿತ್ರವನ್ನು ನಾನು ನೋಡಿದ್ದೆನೇ? ಇಲ್ಲ. ನೆಂಟರ ಮುಖ ನೋಡಿ ಮಾತಾಡಿದ್ದೆ. ದೀಪಸ್ತಂಭದ ಚಿತ್ರವನ್ನು ನೋಡಿದ್ದೆನೇ? ಅದನ್ನೂ ಇಲ್ಲ, ಹಾಲಿನ ಪಾತ್ರೆಯನ್ನು ನೋಡುತ್ತಿದ್ದೆ. ಮೂದಲಿಸುವಾಗಲೂ ಹೊಗಳುವಾಗಲೂ ನಾನು ಮಾಡಿದ್ದು ಒಂದೇ ಕೆಲಸ, ನೋಡದೆ ಉಳಿದದ್ದು. ಆ ನಾಲ್ವರು ಮಕ್ಕಳ ಮಾತು ನನ್ನದಕ್ಕಿಂತ ಕಠಿಣವಾಗಿತ್ತು, ಮೂರು ವಾರದ ಕೆಲಸವನ್ನು ಅಳಿಸು ಎಂದಿತ್ತು. ಆದರೂ ಅದರಿಂದ ಹುಡುಗಿಯ ಕೈ ನಿಲ್ಲಲಿಲ್ಲ. ಏಕೆಂದರೆ ಅವರು ಮೊದಲು ನೋಡಿದ್ದರು, ಆಮೇಲೆ ಕೇಳಿದ್ದರು, ಕೊನೆಗೆ ಕೈಗೆ ತಿದ್ದಲು ಸಾಧ್ಯವಾಗುವಂಥ ಮಾತು ಹೇಳಿದ್ದರು. ಹಲಸಿನ ಹಣ್ಣನ್ನು ಯಾವ ಕುಂಚದಿಂದ ತಿದ್ದುವುದು?

ವಾರದ ಕೊನೆಗೆ ಮಗಳನ್ನು ಕರೆದೊಯ್ಯಲು ತಂಗಿ ಬಂದಳು. ಹಿತ್ತಲ ಜಗಲಿಯಲ್ಲಿ ಇಬ್ಬರೇ ಕುಳಿತು ಹಲಸಿನ ಬೀಜ ಸುಲಿಯುತ್ತಿದ್ದೆವು. ಹೇಳಬೇಕೆಂದು ಇದ್ದದ್ದನ್ನು ಹೇಗೋ ಹೇಳಿದೆ. ಅವಳು ಮರೆತಿರಬಹುದೆಂಬ ಸಣ್ಣ ಆಸೆಯೂ ಇತ್ತು. ಮರೆತಿರಲಿಲ್ಲ.

"ನೀನು ಹೇಳಿದ್ದು ಸುಳ್ಳೇನೂ ಅಲ್ಲ ಅಕ್ಕ. ಅದು ಹಲಸಿನ ಹಣ್ಣಿನ ಹಾಗೇ ಇತ್ತು" ಎಂದಳು, ಬೀಜದ ಸಿಪ್ಪೆಯನ್ನು ಉಗುರಿನಿಂದ ಬಿಡಿಸುತ್ತ. "ಯಾಕೆ ಹಾಗಾಯಿತು ಅಂತ ನನಗೆ ಗೊತ್ತಾಗಿರಲಿಲ್ಲ. ಅದನ್ನು ಕೇಳುವುದಕ್ಕೇ ನಿನ್ನ ಹತ್ತಿರ ತಂದದ್ದು."

ನನ್ನಿಂದ ಏನೂ ಹೇಳಲಾಗಲಿಲ್ಲ. ಅವಳೂ ಅದನ್ನು ಬೆಳೆಸಲಿಲ್ಲ. ಮಳೆ ಬಿಟ್ಟಿತ್ತು, ಕಡಲಿನ ಸದ್ದು ಮನೆಯವರೆಗೆ ಕೇಳುತ್ತಿತ್ತು.

ಹದಿನೈದು ದಿನಗಳ ಮೇಲೆ ತಿದ್ದಿದ ಚಿತ್ರ ನನ್ನ ಫೋನಿಗೆ ಬಂತು, ಕೆಳಗೆ ಅದೇ ಪ್ರಶ್ನೆಯೊಂದಿಗೆ. ಒಲೆ ಆರಿಸಿ, ಕನ್ನಡಕ ಒರೆಸಿಕೊಂಡು, ಕಿಟಕಿಯ ಬಳಿ ಕುಳಿತು ನೋಡಿದೆ. ಹಿಂದಿನ ಮೀನುಗಳು ಮಂಜಿನಂತಾಗಿದ್ದವು. ಹೆಂಗಸಿನ ಮುಖಕ್ಕೆ ಬುಟ್ಟಿಯ ನಕ್ಷತ್ರಗಳ ಬೆಳಕು ಬಿದ್ದಿತ್ತು. ತಲೆಯ ಮೇಲೆ ಸಿಂಬಿ ಇತ್ತು, ಮುಖದಲ್ಲಿ ಬೆವರು ಇರಲಿಲ್ಲ. ಇಪ್ಪತ್ತು ನಿಮಿಷ ನೋಡಿದ ಮೇಲೆ ನನ್ನ ಕಣ್ಣಿಗೂ ಒಂದು ಸಂಗತಿ ಬಿತ್ತು: ಮೆಟ್ಟಿಲು ಹತ್ತುವವಳ ಸೀರೆಯ ನೆರಿಗೆಗಳು ನಿಂತವಳ ನೆರಿಗೆಗಳಂತೆ ನೇರವಾಗಿ ಇಳಿದಿದ್ದವು. ಇಷ್ಟು ವರ್ಷ ಸೀರೆ ಉಟ್ಟು ಮೆಟ್ಟಿಲು ಹತ್ತಿದವಳು ನಾನು, ಇದನ್ನು ಹೇಳಬಲ್ಲೆ ಎನ್ನಿಸಿತು.

ಹೇಳಿದೆ. ಅವಳು ಆ ಕೂಡಲೇ ಫೋನು ಮಾಡಿ, "ದೊಡ್ಡಮ್ಮ, ಮೆಟ್ಟಿಲು ಹತ್ತಿ ನಿಲ್ಲಿ, ಪಕ್ಕದಿಂದ ಒಂದು ಫೋಟೋ ತೆಗೆದು ಕಳಿಸಿ" ಎಂದಳು.