ಧ್ಯೇಯದ ಸಾಲ ಯಾರ ಖಾತೆಗೆ?

ನಮ್ಮ ಪರಿಚಯದ ತರುಣನೊಬ್ಬ, ಹಾವೇರಿ ಕಡೆಯವನು, ಒಳ್ಳೆಯ ಸಂಬಳದ ಕೆಲಸ ಬಿಟ್ಟು ಮೂರು ವರ್ಷವಾಯಿತು. ಕೈಕಾಲು ಕಳೆದುಕೊಂಡ ಬಡವರಿಗೆ ಅಗ್ಗದ ಬೆಲೆಯಲ್ಲಿ ಕೃತಕ ಅವಯವ ಮಾಡಿಕೊಡುವ ಸಣ್ಣ ಕಾರಖಾನೆ ತೆಗೆದಿದ್ದಾನೆ. ಲಾಭ ಆಮೇಲೆ, ಕೆಲಸ ಮೊದಲು ಎನ್ನುತ್ತಾನೆ. ಅದು ಬರಿಯ ಬಾಯಿಮಾತಲ್ಲವೆಂದು ನಾವು ಬಲ್ಲೆವು. ಯುಗಾದಿಯ ದಿನ ಅವರ ಮನೆಗೆ ಹೋದಾಗ ಆತ ಇರಲಿಲ್ಲ. ಅವನ ಹೆಂಡತಿ ಬೇವುಬೆಲ್ಲ ಕೊಟ್ಟು, 'ಇವರು ಊರಿಗೆಲ್ಲ ಕಾಲು ಮಾಡಿಕೊಡುತ್ತಾರೆ, ಮನೆಗೆ ಮಾತ್ರ ಇವರ ಕಾಲು ಬೀಳುವುದಿಲ್ಲ' ಎಂದಳು. ನಗುತ್ತಲೇ ಹೇಳಿದಳು. ಆದರೆ ಹಬ್ಬದ ದಿನವೂ ಅವಳ ಕೊರಳಲ್ಲಿ ಕರಿಮಣಿಯಷ್ಟೇ ಇದ್ದುದು ನಮ್ಮ ಕಣ್ಣಿಗೆ ಬೀಳದೆ ಇರಲಿಲ್ಲ.

ಇಂಥವರಿಗೆ ಪತ್ರಿಕೆಗಳು ಸಿದ್ಧವಾದ ಒಂದು ಔಷಧ ಹೇಳುತ್ತವೆ: ದುಡಿಮೆಗೂ ಸಂಸಾರಕ್ಕೂ ಸಮತೋಲ ಇರಲಿ, ಇಷ್ಟು ತಾಸು ಅದಕ್ಕೆ, ಇಷ್ಟು ತಾಸು ಇದಕ್ಕೆ. ಆರು ಗಂಟೆಗೆ ಕಡತ ಕಟ್ಟಿಟ್ಟು ಬಸ್ಸು ಹಿಡಿಯುವ ನಮ್ಮಂಥವರಿಗೆ ಈ ಉಪದೇಶ ಸುಲಭ. ಆದರೆ ತಕ್ಕಡಿಯಲ್ಲಿ ತೂಗಬೇಕಾದರೆ ಎರಡು ತಟ್ಟೆಗಳಲ್ಲೂ ತೂಕವುಳ್ಳ ಪದಾರ್ಥವೇ ಇರಬೇಕು. ಮೈಲಿಯನ್ನು ಸೇರಿನಿಂದ ಅಳೆಯಲಾದೀತೇ? ಕಾಲು ಬರುವುದನ್ನು ಕಾದು ಕುಳಿತಿರುವ ಕೂಲಿಯವನ ಒಂದು ದಿನವನ್ನೂ, ಅಪ್ಪನಿಗಾಗಿ ಕಾದು ನಿದ್ದೆಹೋದ ಮಗುವಿನ ಒಂದು ಸಂಜೆಯನ್ನೂ ಯಾವ ತೂಕದ ಕಲ್ಲಿನಿಂದ ತೂಗೋಣ?

ಪುಣೆಯಲ್ಲಿರುವ ನಾವು ಈ ಪ್ರಶ್ನೆಯನ್ನು ದಿನವೂ ತುಳಿದುಕೊಂಡೇ ಓಡಾಡುತ್ತೇವೆ. ಈಗ ಮೆಟ್ರೋ ರೈಲು ಮೇಲೆ ಹಾಯ್ದುಹೋಗುವ ಕರ್ವೆ ರಸ್ತೆ ಧೋಂಡೋ ಕೇಶವ ಕರ್ವೆಯವರ ಹೆಸರಿನದು. ಅವರು 1891ರಲ್ಲಿ ಫರ್ಗ್ಯುಸನ್ ಕಾಲೇಜಿನಲ್ಲಿ ಗಣಿತದ ಅಧ್ಯಾಪಕರಾದರು. 1893ರಲ್ಲಿ ವಿಧವೆ ಗೋದೂಬಾಯಿಯವರನ್ನು ಮದುವೆಯಾದಾಗ ಸ್ವಂತ ಊರು ಮುರುಡದಲ್ಲಿ ಅವರಿಗೆ ಬಹಿಷ್ಕಾರ ಬಿತ್ತು. ಗೋದೂಬಾಯಿಯೇ ಮುಂದೆ ಆನಂದೀಬಾಯಿ. 1896ರಲ್ಲಿ ವಿಧವೆಯರ ಆಶ್ರಮಕ್ಕಾಗಿ ಸಂಸ್ಥೆ ಕಟ್ಟಿದರು. 1900ರಲ್ಲಿ ಆಶ್ರಮ ಊರಾಚೆಯ ಹಿಂಗಣೆಯ ಒಂದು ಗುಡಿಸಲಿಗೆ ಬಂತು. ಅಲ್ಲಿಗೆ ಆಗ ಸರಿಯಾದ ರಸ್ತೆಯೂ ಇರಲಿಲ್ಲ. ಕಾಲೇಜಿನ ಪಾಠ ಮುಗಿಸಿ, ಆಶ್ರಮಕ್ಕೆ ಬೇಕಾದ ಸಾಮಾನನ್ನು ಹೊತ್ತು, ನಾಲ್ಕು ಮೈಲಿಯಷ್ಟು ದಾರಿಯನ್ನು ಕೆಸರಿನಲ್ಲಿ ನಡೆದು ಹೋಗುತ್ತಿದ್ದರು. ಕಾಲೇಜಿನಿಂದ ನಿವೃತ್ತರಾದದ್ದು 1914ರಲ್ಲಿ. ಅಲ್ಲಿಯತನಕ ಹಗಲಿನ ಸಂಬಳದ ಕೆಲಸವನ್ನು ಬಿಡಲಿಲ್ಲ ಎಂಬುದನ್ನು ನಮ್ಮ ತರುಣ ಗಮನಿಸಬೇಕು. ಎರಡೇ ವರ್ಷದಲ್ಲಿ, 1916ರಲ್ಲಿ, ಮಹಿಳಾ ವಿಶ್ವವಿದ್ಯಾಲಯ ಹುಟ್ಟಿತು. 1958ರಲ್ಲಿ, ನೂರು ತುಂಬಿದಾಗ, ಭಾರತರತ್ನ ಬಂತು.

ಇದು ಎಲ್ಲರೂ ಹೇಳುವ ಕಥೆ. ಮನೆಯೊಳಗಿನ ಕಥೆಯನ್ನು ಆನಂದೀಬಾಯಿ 1944ರಲ್ಲಿ 'ಮಾಝೆ ಪುರಾಣ' ಎಂಬ ಆತ್ಮಚರಿತ್ರೆಯಲ್ಲಿ ತಾವೇ ಹೇಳಿಕೊಂಡರು. ಕರ್ವೆಯವರು ಇದ್ದಬದ್ದ ಉಳಿತಾಯವನ್ನು ಸಂಸ್ಥೆಗೆ ಹಾಕಿದರು. ಜೀವವಿಮೆಯ ಪಾಲಿಸಿಯನ್ನೂ ಅದಕ್ಕೇ ಬರೆದುಕೊಟ್ಟರು. ಮಕ್ಕಳ ಹೊಟ್ಟೆಬಟ್ಟೆಯ ಚಿಂತೆ ಆನಂದೀಬಾಯಿಯ ಪಾಲಿಗೆ ಬಂತು. ಆಕೆ ಸೂಲಗಿತ್ತಿಯ ವಿದ್ಯೆ ಕಲಿತು ದುಡಿದರು, ಸಂಸ್ಥೆಗಾಗಿ ಚಂದಾ ಎತ್ತಲೂ ಮನೆಮನೆ ಅಲೆದರು. ಸೊಸೆ ಇರಾವತಿ ಕರ್ವೆಯವರು ಮಾವನ ಬಗ್ಗೆ ಬರೆಯುತ್ತ, ಅವರ ಸೊಸೆಯಾದದ್ದು ಭಾಗ್ಯ, ಹೆಂಡತಿಯಾಗದೆ ಉಳಿದದ್ದು ಇನ್ನೂ ದೊಡ್ಡ ಭಾಗ್ಯ ಎಂಬರ್ಥದ ಮಾತಾಡಿದ್ದಾರೆ. ಮಾವನನ್ನು ಅಷ್ಟು ಗೌರವಿಸಿದವರೇ ಹೀಗೆ ಬರೆದರೆಂಬುದನ್ನು ಮರೆಯಬಾರದು.

ಹಾಗಾದರೆ ಕರ್ವೆಯವರು ತಪ್ಪು ಮಾಡಿದರೇ? ಹಾಗೆನ್ನಲು ನಮಗೆ ನಾಲಗೆ ಏಳುವುದಿಲ್ಲ. ತಲೆ ಬೋಳಿಸಿ ಮೂಲೆಗೆ ಕೂರಿಸಿದ್ದ ಹೆಣ್ಣುಮಕ್ಕಳು ಓದಿ, ನೌಕರಿ ಹಿಡಿದು, ತಲೆಯೆತ್ತಿ ನಡೆದದ್ದು ಆ ಕೆಸರಿನ ದಾರಿಯಿಂದಲೇ. ಆತ ದಿನವೂ ಸಂಜೆ ಐದಕ್ಕೆ ಮನೆ ಸೇರಿದ್ದರೆ ಹಿಂಗಣೆ ಹೊಲವಾಗಿಯೇ ಉಳಿಯುತ್ತಿತ್ತೇನೋ.

ನಮಗೆ ತೋರುವುದು ಇಷ್ಟು. ಒಬ್ಬನ ಸಮಯ, ನಿದ್ದೆ, ಮೈಬೆವರು ಅವನ ಸ್ವಂತದ್ದು. ಅದನ್ನು ಧ್ಯೇಯಕ್ಕೆ ಸುರಿದರೆ ಕೇಳುವ ಹಕ್ಕು ನಮಗಿಲ್ಲ. ಸಂಜೆ ತಡವಾಗಿ ಬಂದದ್ದನ್ನು ಮನೆಯವರು ಹೇಗೋ ನುಂಗಿಕೊಳ್ಳುತ್ತಾರೆ. ಆದರೆ ವಿಮೆಯ ಪಾಲಿಸಿಯ ಮಾತು ಬೇರೆ. ಅದು ಗಂಡ ಇಲ್ಲವಾದ ದಿನದ ಹೆಂಡತಿಮಕ್ಕಳ ಅನ್ನ, ಅದರಲ್ಲೂ ಒಮ್ಮೆ ವೈಧವ್ಯ ಉಂಡಿದ್ದ ಹೆಣ್ಣಿನ ಅನ್ನ. ವಿಧವೆಯರಿಗಾಗಿ ವಿಧವೆಯ ಭದ್ರತೆಯನ್ನೇ ದಾನ ಕೊಡುವಾಗ ಅವಳ ಒಪ್ಪಿಗೆ ಬೇಡವೇ? ತ್ಯಾಗವೆನ್ನುವುದು ತನ್ನದನ್ನು ಕೊಟ್ಟಾಗ. ಮತ್ತೊಬ್ಬರದನ್ನು ಕೇಳದೆ ಕೊಟ್ಟರೆ ನಮ್ಮ ಕಚೇರಿಯ ಲೆಕ್ಕದಲ್ಲಿ ಅದಕ್ಕೆ ಬೇರೆ ಹೆಸರಿದೆ. ಹಾಗೆ ದುಡಿದುಕೊಟ್ಟವಳ ಹೆಸರು ರಸ್ತೆಗಿಲ್ಲ ಎಂಬುದನ್ನೂ ಹೇಳಿಬಿಡಬೇಕು. ಆನಂದೀಬಾಯಿ ಧ್ಯೇಯಕ್ಕೆ ಅಡ್ಡ ಬಂದವರಲ್ಲ, ಅದರ ಅರ್ಧ ಬಂಡವಾಳ ಹಾಕಿದವರು. ಪಾಲುದಾರಳೆಂದು ಬರೆದುಕೊಂಡವರು ಯಾರೂ ಇಲ್ಲ.

ಹೋದ ಭಾನುವಾರ ತರುಣ ಬಂದಿದ್ದ. ಇದನ್ನೆಲ್ಲ ಹೇಳಿದೆವು. ಸ್ವಲ್ಪ ಸಿಟ್ಟಿನಿಂದಲೇ, 'ಕರ್ವೆಯವರು ಎಲ್ಲರನ್ನೂ ಕೇಳುತ್ತ ಕೂತಿದ್ದರೆ ಕೆಲಸ ಆಗುತ್ತಿತ್ತೇ?' ಎಂದ. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಕಾರಖಾನೆಯ ಕಾಗದಪತ್ರದಲ್ಲಿ ಯಾರ ಯಾರ ಹೆಸರಿದೆ ಎಂದಷ್ಟೇ ಕೇಳಿದೆವು. ತನ್ನದು, ಮತ್ತೆ ಕಾಲೇಜಿನ ಗೆಳೆಯನೊಬ್ಬನದು, ಎಂದ. ಬ್ಯಾಂಕಿನಲ್ಲಿ ಇಟ್ಟ ಬಂಗಾರ ಯಾರದು?

ಆತ ಚಹದ ಬಟ್ಟಲನ್ನು ಕೆಳಗಿಟ್ಟ. 'ಅದರ ಬಡ್ಡಿ ಕಟ್ಟುವ ತಾರೀಖು ಸಹ ಅವಳಿಗೇ ಗೊತ್ತು, ನನಗೆ ಗೊತ್ತಿಲ್ಲ' ಎಂದ.